ವಿದ್ಯಾರ್ಥಿ ವೀಸಾ ಮತ್ತು ಮರುಪ್ರವೇಶ: ಬಾಗಲಕೋಟೆ ಸೀಮೆಯ ಹಿನ್ನೆಲೆಯಲ್ಲಿ

ವಿದ್ಯಾರ್ಥಿ ವೀಸಾ ಪಡೆದು ಹೊರದೇಶದಲ್ಲಿ ಓದುತ್ತಿರುವವರು ವ್ಯಾಸಂಗದ ನಡುವೆ ಊರಿಗೋ ಮತ್ತೊಂದು ದೇಶಕ್ಕೋ ಹೋಗಿ, ಓದು ಮುಂದುವರಿಸಲು ಆ ದೇಶದೊಳಕ್ಕೆ ಮತ್ತೆ ಕಾಲಿಡುವುದಕ್ಕೆ ಮರುಪ್ರವೇಶ ಎಂದು ಹೆಸರು. ಮೊದಲ ಸಲ ಹೊರಡುವಾಗ ಮನೆಮಂದಿಯೆಲ್ಲ ಕಾಗದಪತ್ರಗಳ ಹಿಂದೆ ಓಡಾಡುತ್ತಾರೆ. ಎರಡನೆಯ ಸಲ ಹೋಗುವಾಗ ಅಷ್ಟು ಎಚ್ಚರ ಇರುವುದಿಲ್ಲ, ಒಮ್ಮೆ ಒಳಗೆ ಬಿಟ್ಟವರು ಮತ್ತೆ ಬಿಡುತ್ತಾರೆಂಬ ನಂಬಿಕೆ ಇರುತ್ತದೆ. ಕಾನೂನು ಹಾಗೆ ಹೇಳುವುದಿಲ್ಲ. ವಿದ್ಯಾರ್ಥಿ ಎಷ್ಟನೆಯ ಸಲ ಬಂದರೂ ಗಡಿಯ ಅಧಿಕಾರಿಯ ಎದುರು ಹೊಸದಾಗಿಯೇ ನಿಲ್ಲಬೇಕು. ತನ್ನ ದೇಶಕ್ಕೆ ಮರಳುವುದು ಮನುಷ್ಯನ ಹಕ್ಕು, ಓದುವ ದೇಶಕ್ಕೆ ಮರಳುವುದು ಪ್ರತಿಸಲವೂ ಪಡೆಯಬೇಕಾದ ಅನುಮತಿ. ಇವೆರಡರ ಅಂತರ ತಿಳಿಯದೆ ಊರಿಗೆ ಬಂದು ಸಿಕ್ಕಿಕೊಂಡವರು ಉಂಟು, ಅದಕ್ಕೆ ಹೆದರಿ ವರ್ಷಗಟ್ಟಲೆ ಊರ ಮುಖ ನೋಡದವರೂ ಉಂಟು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯನ್ನು ಮುಂದಿಟ್ಟುಕೊಂಡು ಈ ವಿಷಯದ ಇತಿಹಾಸ, ನಿಯಮ ಮತ್ತು ಬಳಕೆಗಳನ್ನು ಇಲ್ಲಿ ವಿವರಿಸಲಾಗಿದೆ.

ಪ್ರದೇಶ

ಬಾಗಲಕೋಟೆ ಜಿಲ್ಲೆ 1997ರ ಆಗಸ್ಟ್ 15ರಂದು ಆಗಿನ ವಿಜಾಪುರ ಜಿಲ್ಲೆಯಿಂದ ಬೇರೆಯಾಯಿತು. ಇಲ್ಲಿನ ಉನ್ನತ ಶಿಕ್ಷಣಕ್ಕೆ ತಳಪಾಯ ಹಾಕಿದ್ದು 1906ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ. ಅದರ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು 1963ರಲ್ಲಿ, ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು 2002ರಲ್ಲಿ ಆರಂಭವಾದವು. ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ 2008ರಲ್ಲಿ ಸ್ಥಾಪನೆಯಾಯಿತು. ಹುನಗುಂದ ಮತ್ತು ಇಳಕಲ್ಲಿನಲ್ಲಿ ವಿಜಯ ಮಹಾಂತೇಶ ಹೆಸರಿನ ಶಿಕ್ಷಣ ಸಂಸ್ಥೆಗಳು ಸುತ್ತಲ ಹಳ್ಳಿಗಳ ಮಕ್ಕಳಿಗೆ ಪದವಿಯ ದಾರಿ ತೆರೆದಿವೆ. ನೇಕಾರಿಕೆ, ಗ್ರಾನೈಟ್ ವ್ಯಾಪಾರ, ಕಬ್ಬು, ಜೋಳ ನೆಚ್ಚಿಕೊಂಡ ಮನೆಗಳಿಂದ ಬಂದ ಈ ಮಕ್ಕಳಲ್ಲಿ ಕೆಲವರು ಎಂ.ಎಸ್. ಓದಲು ಅಮೆರಿಕ, ಜರ್ಮನಿ, ಬ್ರಿಟನ್, ಆಸ್ಟ್ರೇಲಿಯಾಗಳಿಗೆ ಹೋಗುತ್ತಾರೆ. ಇಲ್ಲಿ ವೈದ್ಯಕೀಯ ಸೀಟು ಸಿಗದವರು ಅಥವಾ ಅದರ ಖರ್ಚು ತಾಳಲಾರದವರು ಎಂ.ಬಿ.ಬಿ.ಎಸ್. ಸಮಾನ ಪದವಿಗಾಗಿ ರಷ್ಯಾ, ಚೀನಾ, ಕಿರ್ಗಿಸ್ತಾನ, ಜಾರ್ಜಿಯಾ, ಫಿಲಿಪೀನ್ಸ್, ಯುದ್ಧಕ್ಕೆ ಮೊದಲು ಉಕ್ರೇನ್ ಹಿಡಿದರು.

ಇತಿಹಾಸ

ಓದಲು ಪರರಾಜ್ಯಕ್ಕೆ ಹೋಗುವುದು ಕನ್ನಡ ನಾಡಿಗೆ ಹೊಸತಲ್ಲ. ಕದಂಬ ವಂಶದ ಮೂಲಪುರುಷ ಮಯೂರಶರ್ಮ ಗುರು ವೀರಶರ್ಮನೊಡನೆ ಪಲ್ಲವರ ರಾಜಧಾನಿ ಕಂಚಿಯ ಘಟಿಕಾಸ್ಥಾನಕ್ಕೆ ವೇದಾಧ್ಯಯನಕ್ಕೆಂದು ಹೋದುದನ್ನು ತಾಳಗುಂದದ ಶಾಸನ ಹೇಳುತ್ತದೆ. ಅಲ್ಲಿ ಪಲ್ಲವ ಅಶ್ವಾರೋಹಿಯೊಬ್ಬನೊಡನೆ ಜಗಳವಾಗಿ, ಅವಮಾನ ತಾಳದೆ ಅವನು ಓದು ಬಿಟ್ಟು ಕತ್ತಿ ಹಿಡಿದ. ಪರನಾಡಿನಲ್ಲಿ ಓದುವವನ ನೆಲೆ ಎಷ್ಟು ಸೂಕ್ಷ್ಮವೆಂಬುದಕ್ಕೆ ಕನ್ನಡ ನಾಡಿನ ಮೊದಮೊದಲ ದಾಖಲೆಗಳಲ್ಲಿ ಇದೊಂದು.

ಮರುಪ್ರವೇಶದ ಕಥೆಗಳಲ್ಲಿ ಬಹು ಪ್ರಸಿದ್ಧವಾದುದಕ್ಕೂ ಬಾದಾಮಿಯ ಚಾಳುಕ್ಯರಿಗೂ ನಂಟಿದೆ. ಚೀನಾದ ಬೌದ್ಧ ಭಿಕ್ಷು ಹ್ಯೂಯೆನ್ ತ್ಸಾಂಗ್ ಏಳನೆಯ ಶತಮಾನದ ಮೂರನೆಯ ದಶಕದಲ್ಲಿ ಭಾರತಕ್ಕೆ ಹೊರಟಾಗ ಟ್ಯಾಂಗ್ ಅರಸರು ಗಡಿ ದಾಟುವುದನ್ನು ನಿಷೇಧಿಸಿದ್ದರು. ರಹದಾರಿ ಸಿಗದೆ, ರಾತ್ರಿ ಪಯಣ ಮಾಡಿ, ಕಾವಲು ಗೋಪುರಗಳ ಕಣ್ಣು ತಪ್ಪಿಸಿ ಅವನು ದೇಶ ಬಿಟ್ಟ. ನಾಲಂದದಲ್ಲಿ ಶೀಲಭದ್ರನ ಬಳಿ ವರ್ಷಗಳ ಕಾಲ ಓದಿ, ದೇಶ ಸುತ್ತುತ್ತ, ಸುಮಾರು 641ರಲ್ಲಿ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದ. ಇಲ್ಲಿನ ಜನ ಉಪಕಾರ ಮರೆಯದವರು, ಅವಮಾನ ಸಹಿಸದವರು ಎಂದು ಬಣ್ಣಿಸಿ, ಉತ್ತರದ ಹರ್ಷನಿಗೂ ಅವರು ಮಣಿಯಲಿಲ್ಲವೆಂದು ಬರೆದ. ಅದೇ ಗೆಲುವನ್ನು ಹಾಡಿದ ರವಿಕೀರ್ತಿಯ ಐಹೊಳೆ ಶಾಸನ 634ರದು, ಹುನಗುಂದ ತಾಲ್ಲೂಕಿನ ಮೇಗುತಿ ಬಸದಿಯ ಗೋಡೆಯ ಮೇಲೆ ಇಂದಿಗೂ ಇದೆ. ಓದು ಮುಗಿಸಿ ಮರಳುವಾಗ ಹ್ಯೂಯೆನ್ ತ್ಸಾಂಗನಿಗೆ ತನ್ನ ದೇಶವೇ ಸಮಸ್ಯೆಯಾಯಿತು. ಅಪ್ಪಣೆಯಿಲ್ಲದೆ ಹೋದವನು ಸೀದಾ ಒಳಗೆ ಬರುವಂತಿರಲಿಲ್ಲ. ಖೋತಾನದಲ್ಲಿ ನಿಂತು, ತಾನು ಹೋದದ್ದೇಕೆ, ತರುತ್ತಿರುವುದೇನು ಎಂದು ವಿವರಿಸಿ ಸಾಮ್ರಾಟನಿಗೆ ಬಿನ್ನವತ್ತಳೆ ಕಳಿಸಿ ಉತ್ತರಕ್ಕೆ ಕಾದ. ಅಪ್ಪಣೆ ಬಂದ ಮೇಲೆ 645ರಲ್ಲಿ ರಾಜಧಾನಿ ಚಾಂಗ್ಆನ್ ಸೇರಿದ. ಗಡಿಯಾಚೆ ನಿಂತು, ಪತ್ರ ಬರೆದು, ಉತ್ತರಕ್ಕೆ ಕಾಯುವ ಆ ಸ್ಥಿತಿ ಇಂದಿನ ವಿದ್ಯಾರ್ಥಿಗೂ ಚೆನ್ನಾಗಿ ಗೊತ್ತು.

ಬ್ರಿಟಿಷರ ಕಾಲದಲ್ಲಿ ಮುಂಬಯಿ ಕರ್ನಾಟಕದಿಂದ ಇಂಗ್ಲೆಂಡಿಗೆ ಹೋದವರು ಒಂದೇ ಸಾಮ್ರಾಜ್ಯದ ಪ್ರಜೆಗಳಾಗಿದ್ದರು. 1920ರ ಭಾರತೀಯ ಪಾಸ್‌ಪೋರ್ಟ್ ಕಾಯ್ದೆ ಪಾಸ್‌ಪೋರ್ಟನ್ನು ಪ್ರಯಾಣದ ಖಾಯಂ ಕಾಗದವನ್ನಾಗಿ ಮಾಡಿತ್ತು, ಆದರೆ ವಿದ್ಯಾರ್ಥಿ ವೀಸಾ ಎಂಬುದಿರಲಿಲ್ಲ. ಗೋಕಾಕ ತಾಲ್ಲೂಕಿನ ಮಮದಾಪುರದ ಡಿ.ಸಿ. ಪಾವಟೆ 1920ರ ದಶಕದಲ್ಲಿ ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಆದರು. ಮರಳಿ ಬಂದು ಮುಂದೆ 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾದರು. ಇಂದಿನ ಬಾಗಲಕೋಟೆ ಸೀಮೆಯ ಎಷ್ಟೋ ಮನೆಗಳ ಮೊದಲ ಪದವೀಧರರು ಆ ವಿಶ್ವವಿದ್ಯಾಲಯದವರು. ಸವಣೂರಿನ ವಿ.ಕೃ. ಗೋಕಾಕರು 1936ರಿಂದ 1938ರವರೆಗೆ ಆಕ್ಸ್‌ಫರ್ಡಿನಲ್ಲಿ ಓದಿದರು. ಅವರ ಪಯಣ ಕನ್ನಡಕ್ಕೆ ‘ಸಮುದ್ರದಾಚೆಯಿಂದ’ ಎಂಬ ಪ್ರವಾಸಕಥನವನ್ನೂ ಸಮುದ್ರದ ಕವಿತೆಗಳನ್ನೂ ಕೊಟ್ಟಿತು. ಆ ತಲೆಮಾರಿಗೆ ಅಡ್ಡಿಯಾದದ್ದು ಹಡಗಿನ ಖರ್ಚು, ವಾರಗಟ್ಟಲೆ ಹಿಡಿಯುವ ದಾರಿ. ಓದಿನ ನಡುವೆ ಊರಿಗೆ ಬಂದುಹೋಗುವ ಮಾತೇ ಇರಲಿಲ್ಲ.

ಕಾನೂನಿನ ಗೋಡೆ ಎದ್ದದ್ದು ಆಮೇಲೆ. ಅಮೆರಿಕದ 1952ರ ವಲಸೆ ಕಾಯ್ದೆ ಎಫ್ ಎಂಬ ವಿದ್ಯಾರ್ಥಿ ವರ್ಗವನ್ನು ಇಂದಿನ ರೂಪಕ್ಕೆ ತಂದಿತು. ಬ್ರಿಟನ್ನಿನ 1962ರ ಕಾಯ್ದೆ ಕಾಮನ್‌ವೆಲ್ತ್ ಪ್ರಜೆಗಳ ಮುಕ್ತ ಪ್ರವೇಶಕ್ಕೆ ಕಡಿವಾಣ ಹಾಕಿತು. ವಿಮಾನ ಅಗ್ಗವಾಗುತ್ತ ಬಂದಂತೆ ದೂರ ಕಡಿಮೆಯಾಯಿತು, ನಿಯಮ ಬಿಗಿಯಾಯಿತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕ ಪ್ರತಿ ವಿದೇಶಿ ವಿದ್ಯಾರ್ಥಿಯ ದಾಖಲೆಯನ್ನೂ ಸೆವಿಸ್ ಎಂಬ ಕಂಪ್ಯೂಟರ್ ಜಾಲದಲ್ಲಿ ಇಡುವುದನ್ನು 2003ರಿಂದ ಕಡ್ಡಾಯ ಮಾಡಿತು. ವಿಳಾಸ ಬದಲಾದರೂ ಕೋರ್ಸು ಕೈಬಿಟ್ಟರೂ ಈಗ ಅದು ಕಾಲೇಜಿನಿಂದ ಸರಕಾರಕ್ಕೆ ತಿಳಿಯುತ್ತದೆ.

ವೀಸಾ, ಪ್ರವೇಶ, ಸ್ಥಾನಮಾನ

ಮರುಪ್ರವೇಶ ಅರ್ಥವಾಗಬೇಕಾದರೆ ಮೂರು ಸಂಗತಿಗಳನ್ನು ಬಿಡಿಸಿ ನೋಡಬೇಕು. ವೀಸಾ ಎಂದರೆ ಆ ದೇಶದ ಬಾಗಿಲವರೆಗೆ ಹೋಗಿ ಒಳಗೆ ಬಿಡಿರೆಂದು ಕೇಳಲು ಕೊಟ್ಟ ಒಪ್ಪಿಗೆ. ಪ್ರವೇಶ ಎಂದರೆ ಗಡಿಯಲ್ಲಿ ಅಧಿಕಾರಿ ಕಾಗದ ನೋಡಿ ಒಳಗೆ ಬಿಡುವ ತೀರ್ಮಾನ. ಸ್ಥಾನಮಾನ ಎಂದರೆ ಒಳಗೆ ಹೋದ ಮೇಲೆ ವಿದ್ಯಾರ್ಥಿಯಾಗಿ ಇರಲು ಕಾನೂನು ಕೊಡುವ ನೆಲೆ. ಅದು ಉಳಿಯುವುದು ಓದು ನಡೆಯುತ್ತಿದ್ದರೆ, ಹಾಜರಿ ಇದ್ದರೆ, ಅನುಮತಿಗಿಂತ ಹೆಚ್ಚು ಗಂಟೆ ದುಡಿಯದಿದ್ದರೆ.

ಇವು ಒಂದಕ್ಕೊಂದು ಸಂಬಂಧಪಟ್ಟವಾದರೂ ಒಂದೇ ಅಲ್ಲ. ಅಮೆರಿಕದಲ್ಲಿ ಓದುತ್ತಿರುವಾಗ ಪಾಸ್‌ಪೋರ್ಟಿನ ವೀಸಾ ಅವಧಿ ಮುಗಿದರೆ ಸ್ಥಾನಮಾನಕ್ಕೆ ಧಕ್ಕೆಯಿಲ್ಲ. ಕಾಲೇಜಿನ ದಾಖಲೆ ಸರಿಯಿದ್ದರೆ ಅಲ್ಲೇ ಇದ್ದು ಪದವಿ ಮುಗಿಸಬಹುದು. ಒಮ್ಮೆ ಹೊರಗೆ ಕಾಲಿಟ್ಟರೆ ಮಾತ್ರ ಹೊಸ ವೀಸಾ ಇಲ್ಲದೆ ಮರಳುವಂತಿಲ್ಲ. ವಿದ್ಯಾರ್ಥಿಗಳ ಮಾತಿನಲ್ಲಿ ಇದಕ್ಕೆ ‘ಸ್ಟಾಂಪಿಂಗ್’ ಎಂದು ಹೆಸರು. ‘ಊರಿಗೆ ಹೋದರೆ ಸ್ಟಾಂಪಿಂಗ್ ಮಾಡಿಸಬೇಕು’ ಎಂಬ ಒಂದೇ ಮಾತು ಎಷ್ಟೋ ಟಿಕೆಟ್‌ಗಳನ್ನು ರದ್ದು ಮಾಡಿಸಿದೆ. ಇದಕ್ಕೆ ವಿರುದ್ಧವಾದ ಸ್ಥಿತಿಯೂ ಉಂಟು. ವೀಸಾ ಇನ್ನೂ ವರ್ಷಗಟ್ಟಲೆ ಉಳಿದಿದ್ದು ಕಾಲೇಜಿನ ದಾಖಲೆ ರದ್ದಾಗಿದ್ದರೆ, ಆ ಮುದ್ರೆ ಬಾಗಿಲು ತೆರೆಯಿಸದು.

ದೇಶವಾರು ಪದ್ಧತಿಗಳು

ಅಮೆರಿಕ: ಎಫ್-1 ವಿದ್ಯಾರ್ಥಿಯ ಮರುಪ್ರವೇಶಕ್ಕೆ ಮುಖ್ಯವಾಗಿ ಬೇಕಾದವು ಚಾಲ್ತಿ ಪಾಸ್‌ಪೋರ್ಟ್, ಚಾಲ್ತಿ ವೀಸಾ ಮತ್ತು ಕಾಲೇಜು ಕೊಡುವ, ಪ್ರಯಾಣದ ಸಹಿ ಇರುವ ಐ-20 ಪತ್ರ. ಆ ಸಹಿ ಹಾಕುವವರು ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ನಿಯುಕ್ತ ಅಧಿಕಾರಿ. ಓದುತ್ತಿರುವವರಿಗೆ ಸಾಮಾನ್ಯವಾಗಿ ಒಂದು ವರ್ಷ, ಓದು ಮುಗಿಸಿ ಒಪಿಟಿ ಎಂಬ ತರಬೇತಿ ಕೆಲಸದಲ್ಲಿರುವವರಿಗೆ ಆರು ತಿಂಗಳು ಅದು ನಡೆಯುತ್ತದೆ. ಒಪಿಟಿಯವರು ಕೆಲಸದ ಪರವಾನಗಿ ಕಾರ್ಡು ಮತ್ತು ಕಂಪನಿಯ ಪತ್ರವನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಓದು ಮುಗಿದ ಮೇಲೆ ಸಿಗುವ 60 ದಿನಗಳ ಬಿಡುವಿನಲ್ಲಿ, ಒಪಿಟಿಗೆ ಅರ್ಜಿ ಹಾಕದೆ ದೇಶ ಬಿಟ್ಟರೆ ಆ ಎಫ್-1 ಆಧಾರದ ಮೇಲೆ ಮರಳುವ ದಾರಿ ಮುಚ್ಚುತ್ತದೆ. ಐದು ತಿಂಗಳಿಗಿಂತ ಹೆಚ್ಚು ಕಾಲ ಹೊರಗೆ ಉಳಿದರೆ ಸಾಮಾನ್ಯವಾಗಿ ಹೊಸ ಐ-20 ಪಡೆದು, ಸೆವಿಸ್ ಶುಲ್ಕ ಮತ್ತೆ ಕಟ್ಟಿ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಅಪ್ಪನಿಗೆ ಕಾಯಿಲೆಯೆಂದು ಬಂದು ಒಂದು ಸೆಮಿಸ್ಟರ್ ಊರಲ್ಲೇ ಉಳಿಯುವವರು ಮುಂಚೆಯೇ ತಿಳಿದಿರಬೇಕಾದ ನಿಯಮವಿದು. ಕೆನಡಾ, ಮೆಕ್ಸಿಕೊಗಳಿಗೆ 30 ದಿನ ಮೀರದ ಪ್ರವಾಸ ಹೋಗಿ ಬರುವವರಿಗೆ ವೀಸಾ ಮುಗಿದಿದ್ದರೂ ಕೆಲವು ಷರತ್ತಿನ ಮೇಲೆ ಒಳಗೆ ಬರುವ ಸೌಲಭ್ಯವಿದೆ. ಭಾರತಕ್ಕೆ ಬಂದುಹೋಗುವವರಿಗೆ ಅದು ಸಲ್ಲದು.

ಹೊಸ ವೀಸಾ ಕೇಳುವಾಗ, ಓದಿದ ಮೇಲೆ ಸ್ವದೇಶಕ್ಕೆ ಮರಳುವ ಮನಸ್ಸಿದೆಯೆಂದು ಅಧಿಕಾರಿಗೆ ಮನವರಿಕೆ ಮಾಡಬೇಕು. ಮನವರಿಕೆಯಾಗದಿದ್ದರೆ 214(ಬಿ) ಎಂಬ ಕಲಮಿನಡಿ ನಿರಾಕರಣೆ ಬರುತ್ತದೆ. ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ 221(ಜಿ) ಎಂಬ ಚೀಟಿ ಕೊಟ್ಟು ಕಾಯಿಸುತ್ತಾರೆ. ಆ ಕಾಯುವಿಕೆಗೆ ಇಂತಿಷ್ಟೇ ದಿನ ಎಂಬ ಗಡುವಿಲ್ಲ. ತರಗತಿ ಆರಂಭವಾದರೂ ಪಾಸ್‌ಪೋರ್ಟ್ ಬಾರದೆ ಮನೆಯಲ್ಲಿ ಕುಳಿತವರ ಸಂಕಟ ಅನುಭವಿಸಿದವರಿಗೇ ಗೊತ್ತು. 2025ರಲ್ಲಿ ಬಿಗಿ ಇನ್ನೂ ಹೆಚ್ಚಿತು. ಮೇ ಕೊನೆಯಲ್ಲಿ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳಿಗೆ ಸಮಯ ಕೊಡುವುದನ್ನು ನಿಲ್ಲಿಸಿ, ಜೂನ್‌ನಲ್ಲಿ ಮತ್ತೆ ಆರಂಭಿಸಿದಾಗ ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಬೇಕೆಂದು ಹೇಳಲಾಯಿತು. ಸೆಪ್ಟೆಂಬರ್ 2ರಿಂದ, ಹಳೆಯ ವೀಸಾ ಇದ್ದವರಿಗೆ ಸಂದರ್ಶನದಿಂದ ಸಿಗುತ್ತಿದ್ದ ವಿನಾಯಿತಿ ಬಹುಮಟ್ಟಿಗೆ ನಿಂತಿತು. ಅದೇ ತಿಂಗಳು, ಅರ್ಜಿದಾರರು ತಮ್ಮ ಪೌರತ್ವದ ಅಥವಾ ವಾಸದ ದೇಶದಲ್ಲೇ ಸಂದರ್ಶನ ಕೊಡಬೇಕೆಂಬ ಸೂಚನೆಯೂ ಬಂತು. ಓದು ಮುಗಿಯುವವರೆಗೂ ಇರಲು ಬಿಡುವ ಈಗಿನ ಕ್ರಮವನ್ನು ತೆಗೆದು ನಿಗದಿತ ಅವಧಿ ಹಾಕುವ ಪ್ರಸ್ತಾವವನ್ನು ಆ ವರ್ಷದ ಆಗಸ್ಟ್‌ನಲ್ಲಿ ಪ್ರಕಟಿಸಲಾಯಿತು.

ಬ್ರಿಟನ್: ಇಲ್ಲಿ ಹಳೆಯ ಪ್ಲಾಸ್ಟಿಕ್ ವಾಸದ ಕಾರ್ಡಿನ ಜಾಗಕ್ಕೆ ಇ-ವೀಸಾ ಬಂದಿದೆ. ಬಹುಪಾಲು ಕಾರ್ಡುಗಳ ಅವಧಿ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಈಗ ವಿದ್ಯಾರ್ಥಿಯ ಹಕ್ಕು ಇರುವುದು ಸರಕಾರದ ಗಣಕದಲ್ಲಿ. ವಿದ್ಯಾರ್ಥಿ ತನ್ನ ಆನ್‌ಲೈನ್ ಖಾತೆಗೆ ಚಾಲ್ತಿ ಪಾಸ್‌ಪೋರ್ಟನ್ನು ಜೋಡಿಸಿರಬೇಕು. ಊರಿಗೆ ಬಂದಾಗ ಪಾಸ್‌ಪೋರ್ಟ್ ನವೀಕರಿಸಿ, ಹೊಸ ಸಂಖ್ಯೆಯನ್ನು ಖಾತೆಗೆ ಸೇರಿಸುವುದನ್ನು ಮರೆತರೆ, ವಿಮಾನ ಕಂಪನಿಯ ಕೌಂಟರಿನಲ್ಲೇ ತೊಡಕು ಎದುರಾಗಬಹುದು. ವಿಶ್ವವಿದ್ಯಾಲಯವೇ ಪ್ರಾಯೋಜಕನಾದ್ದರಿಂದ ಹೇಳದೆ ದೀರ್ಘಕಾಲ ಗೈರಾದರೆ ಅದು ಸರಕಾರಕ್ಕೆ ವರದಿ ಮಾಡಲೇಬೇಕು.

ಕೆನಡಾ: ಇಲ್ಲಿ ಸ್ಟಡಿ ಪರ್ಮಿಟ್ ಬೇರೆ, ವೀಸಾ ಬೇರೆ. ಪರ್ಮಿಟ್ ಒಳಗೆ ಓದಲು, ವೀಸಾ ಒಳಗೆ ಬರಲು. ಪರ್ಮಿಟ್ ಚಾಲ್ತಿಯಲ್ಲಿದೆಯೆಂದು ನಂಬಿ, ವೀಸಾ ಮುಗಿದದ್ದನ್ನು ಗಮನಿಸದೆ ಊರಿಗೆ ಬಂದವರು ಭಾರತದಿಂದಲೇ ಹೊಸ ವೀಸಾಕ್ಕೆ ಅರ್ಜಿ ಹಾಕಿ ಕಾಯಬೇಕಾಗುತ್ತದೆ.

ಆಸ್ಟ್ರೇಲಿಯಾ: 500 ಎಂಬ ಉಪವರ್ಗದ ವಿದ್ಯಾರ್ಥಿ ವೀಸಾಕ್ಕೆ ಪಾಸ್‌ಪೋರ್ಟಿನಲ್ಲಿ ಮುದ್ರೆಯಿಲ್ಲ, ಎಲ್ಲವೂ ಗಣಕದಲ್ಲೇ. ಅವಧಿಯೊಳಗೆ ಎಷ್ಟು ಸಲ ಬೇಕಾದರೂ ಬಂದುಹೋಗುವ ಅನುಮತಿ ಸಾಮಾನ್ಯವಾಗಿ ಇರುತ್ತದೆ, ಕೋರ್ಸಿನ ನೋಂದಣಿ ಮಾತ್ರ ತಪ್ಪಬಾರದು. ವೀಸಾ ಮುಗಿದು ಹೊಸ ಅರ್ಜಿಯ ತೀರ್ಮಾನಕ್ಕೆ ಕಾಯುತ್ತ ಬ್ರಿಜಿಂಗ್ ವೀಸಾದಲ್ಲಿರುವವರು ಹೊರಡುವ ಮುನ್ನ ಅದು ಯಾವ ಬಗೆಯದೆಂದು ನೋಡಿಕೊಳ್ಳಬೇಕು. ಎ ವರ್ಗದ ಬ್ರಿಜಿಂಗ್ ವೀಸಾ ದೇಶ ಬಿಟ್ಟಕೂಡಲೇ ಬಿದ್ದುಹೋಗುತ್ತದೆ, ಮರಳಲು ಬಿ ವರ್ಗದ್ದು ಬೇಕು.

ಜರ್ಮನಿ: ಭಾರತದಲ್ಲಿ ಪಡೆದ ರಾಷ್ಟ್ರೀಯ ವೀಸಾ ಮೊದಲ ಪ್ರವೇಶಕ್ಕೆ. ಅಲ್ಲಿಗೆ ಹೋದ ಮೇಲೆ ವಿದೇಶೀಯರ ಕಚೇರಿ ಕೊಡುವ ವಾಸದ ಪರವಾನಗಿಯೇ ಮರುಪ್ರವೇಶದ ಕಾಗದ. ಮುಂಚಿತ ಒಪ್ಪಿಗೆಯಿಲ್ಲದೆ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಅದು ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ವಿಸ್ತರಣೆಗೆ ಅರ್ಜಿ ಹಾಕಿದವರಿಗೆ ಕೊಡುವ ತಾತ್ಕಾಲಿಕ ಪತ್ರಗಳೆಲ್ಲ ಮರಳಿ ಒಳಗೆ ಬಿಡಿಸುವುದಿಲ್ಲ, ಯಾವ ಕಲಮಿನಡಿ ಕೊಟ್ಟದ್ದೆಂದು ಓದಿಕೊಂಡೇ ಟಿಕೆಟ್ ತೆಗೆಯಬೇಕು.

ದಾರಿಯಲ್ಲಿ ಇಳಿದು ವಿಮಾನ ಬದಲಿಸುವ ದೇಶಕ್ಕೂ ಕೆಲವೊಮ್ಮೆ ಟ್ರಾನ್ಸಿಟ್ ವೀಸಾ ಬೇಕಾಗುತ್ತದೆ. ಟಿಕೆಟ್ ಅಗ್ಗವೆಂದು ದಾರಿ ಆರಿಸುವ ಮುನ್ನ ಅದನ್ನೂ ನೋಡಬೇಕು.

ಬಾಗಿಲು ಮುಚ್ಚಿದ ಕಾಲ: 2020–2022

ಮರುಪ್ರವೇಶ ಅನುಮತಿಯೇ ಹೊರತು ಹಕ್ಕಲ್ಲವೆಂಬುದು ಕೋವಿಡ್ ಕಾಲದಲ್ಲಿ ಎಲ್ಲರಿಗೂ ಕಂಡಿತು. ರಜೆಗೆಂದು ಬಂದವರು, ಸೋಂಕಿಗೆ ಹೆದರಿ ಬಂದವರು ಇಲ್ಲೇ ಉಳಿದರು. ಆಸ್ಟ್ರೇಲಿಯಾ 2020ರ ಮಾರ್ಚ್ 20ರಂದು ಗಡಿ ಮುಚ್ಚಿತು, ಲಸಿಕೆ ಪಡೆದ ವಿದ್ಯಾರ್ಥಿಗಳಿಗೆ ಸಾರಾಸಗಟಾಗಿ ತೆರೆದದ್ದು 2021ರ ಡಿಸೆಂಬರ್ 15ರಂದು. ಅಮೆರಿಕದಲ್ಲಿ 2020ರ ಜುಲೈ 6ರಂದು, ಪೂರ್ತಿ ಆನ್‌ಲೈನ್ ಪಾಠ ಕೇಳುವ ವಿದೇಶಿ ವಿದ್ಯಾರ್ಥಿಗಳು ದೇಶದಲ್ಲಿ ಉಳಿಯುವಂತಿಲ್ಲ ಎಂಬ ಆದೇಶ ಹೊರಬಿತ್ತು. ಹಾರ್ವರ್ಡ್ ಮತ್ತು ಎಂಐಟಿ ನ್ಯಾಯಾಲಯಕ್ಕೆ ಹೋದ ಮೇಲೆ ಜುಲೈ 14ರಂದು ಸರಕಾರ ಅದನ್ನು ಹಿಂತೆಗೆದುಕೊಂಡಿತು.

ಚೀನಾದಲ್ಲಿ ಓದುತ್ತಿದ್ದವರ ಪಾಡು ಎಲ್ಲಕ್ಕಿಂತ ದೀರ್ಘವಾಯಿತು. ಸುಮಾರು 23,000 ಭಾರತೀಯ ವಿದ್ಯಾರ್ಥಿಗಳು, ಬಹುಪಾಲು ವೈದ್ಯಕೀಯ ಓದುವವರು, 2020ರ ಆರಂಭದಿಂದ ಊರಲ್ಲೇ ಕುಳಿತು ಮೊಬೈಲಿನಲ್ಲಿ ಪಾಠ ಕೇಳಿದರು. ವೀಸಾ ಮತ್ತೆ ಕೊಡತೊಡಗಿದ್ದು 2022ರ ಆಗಸ್ಟ್ 24ರಿಂದ. ಶವಪರೀಕ್ಷೆ, ಪ್ರಸೂತಿ, ವಾರ್ಡಿನ ಅನುಭವಗಳನ್ನು ಪರದೆಯ ಮೇಲೆ ಕಲಿಯಲಾಗದು, ಇಷ್ಟು ವರ್ಷ ಹೊರಗಿದ್ದವರು ಹೇಗೆ ವೈದ್ಯರಾಗುವರು ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಹೊಣೆ ಆ ಮಕ್ಕಳ ತಲೆಯ ಮೇಲೇ ಬಿತ್ತು.

ಉಕ್ರೇನಿನಲ್ಲಿ ಯುದ್ಧ 2022ರ ಫೆಬ್ರುವರಿ 24ರಂದು ಆರಂಭವಾದಾಗ ಅಲ್ಲಿ ಉತ್ತರ ಕರ್ನಾಟಕದ ಅನೇಕರಿದ್ದರು, ಬಾಗಲಕೋಟೆ ಜಿಲ್ಲೆಯವರೂ ಇದ್ದರು. ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದ. ಆ ಸುದ್ದಿ ಈ ಸೀಮೆಯ ಮನೆಮನೆಯನ್ನೂ ನಡುಗಿಸಿತು. ಭಾರತ ಸರಕಾರದ ತೆರವು ಕಾರ್ಯಾಚರಣೆಯಾದ ಆಪರೇಷನ್ ಗಂಗಾ ಮತ್ತಿತರ ಮಾರ್ಗಗಳಲ್ಲಿ ಸುಮಾರು 22,500 ಭಾರತೀಯರು ಮರಳಿದರು, ಅವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು. ಜೀವ ಉಳಿದ ನಿಟ್ಟುಸಿರಿನ ಹಿಂದೆಯೇ ಮರುಪ್ರವೇಶದ ಪ್ರಶ್ನೆ ಬಂತು. ವಿದೇಶಿ ವೈದ್ಯ ಪದವೀಧರರಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ನವೆಂಬರ್‌ನಲ್ಲಿ ಮಾಡಿದ ನಿಯಮದಂತೆ ಕನಿಷ್ಠ 54 ತಿಂಗಳ ಕೋರ್ಸು ಮತ್ತು 12 ತಿಂಗಳ ಇಂಟರ್ನ್‌ಶಿಪ್ ಒಂದೇ ವಿದೇಶಿ ಸಂಸ್ಥೆಯಲ್ಲಿ ಆಗಬೇಕಿತ್ತು. ಹಿಂದಕ್ಕೆ ಹೋಗೋಣವೆಂದರೆ ಬಾಂಬು, ಬೇರೆಡೆ ಸೇರೋಣವೆಂದರೆ ನಿಯಮ. ಕೊನೆಗೆ 2022ರ ಸೆಪ್ಟೆಂಬರ್‌ನಲ್ಲಿ ಆಯೋಗ ಉಕ್ರೇನಿನ ವಿದ್ಯಾರ್ಥಿಗಳು ಬೇರೆ ದೇಶದ ಕಾಲೇಜಿನಲ್ಲಿ ಓದಿ, ಮೂಲ ವಿಶ್ವವಿದ್ಯಾಲಯದ ಪದವಿಯನ್ನೇ ಪಡೆಯುವ ವ್ಯವಸ್ಥೆಗೆ ಒಪ್ಪಿತು. ಹೀಗೆ ಕೆಲವರು ಮೂರನೆಯ ದೇಶದ ವೀಸಾ ಹುಡುಕಿದರು, ಕೆಲವರು ಧೈರ್ಯ ಮಾಡಿ ಪೋಲೆಂಡ್, ಮಾಲ್ಡೋವಾ ಮೂಲಕ ಉಕ್ರೇನಿಗೇ ಮರಳಿದರು.

ಜಿಲ್ಲೆಯಿಂದ ಹೊರಡುವ ದಾರಿ

ಬೆಂಗಳೂರಿನವರಿಗೆ ಅರ್ಧ ದಿನದ ಕೆಲಸವಾದದ್ದು ಇಲ್ಲಿನವರಿಗೆ ಮೂರು ದಿನದ್ದು. ಬ್ರಿಟನ್, ಕೆನಡಾ, ಜರ್ಮನಿಗಳ ಬೆರಳಚ್ಚಿಗೆ ಬೆಂಗಳೂರಿನ ವೀಸಾ ಕೇಂದ್ರಕ್ಕೆ ಹೋಗಬೇಕು. ಅಮೆರಿಕದ ದೂತಾವಾಸ ಕಚೇರಿಯನ್ನು ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಉದ್ಘಾಟಿಸಿದರೂ ಆರಂಭದಲ್ಲಿ ಅಲ್ಲಿ ವೀಸಾ ಸೇವೆ ಇರಲಿಲ್ಲ. ಸ್ಲಾಟ್ ಸಿಕ್ಕಂತೆ ಚೆನ್ನೈ, ಹೈದರಾಬಾದ್, ಮುಂಬಯಿಗೆ ಓಡಬೇಕು. ಬಾದಾಮಿ, ಬಾಗಲಕೋಟೆಗಳಿಗೆ ರೈಲುಂಟು. ಹುನಗುಂದ, ಇಳಕಲ್ಲಿನವರಿಗೆ ಹೆದ್ದಾರಿಯ ರಾತ್ರಿ ಬಸ್ಸೇ ಗತಿ. ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ, ಹುಬ್ಬಳ್ಳಿ ಅಥವಾ ಬೆಳಗಾವಿಗೆ ಹೋಗಬೇಕು. ಮೂರು ವಾರದ ರಜೆಗೆ ಬಂದ ವಿದ್ಯಾರ್ಥಿ ಅದರಲ್ಲೊಂದು ವಾರವನ್ನು ಇಂಥ ಓಡಾಟಕ್ಕೇ ತೆಗೆದಿಡಬೇಕಾಗುತ್ತದೆ.

ಈ ಸೀಮೆಯವರಿಗೆ ಹೆಸರು ಮತ್ತೊಂದು ತೊಡಕು. ಮುಂಬಯಿ ಪ್ರಾಂತ್ಯದ ಕಾಲದಿಂದ ಇಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಭಾಗದ ರೂಢಿಯಿದೆ. ಅಂಕಪಟ್ಟಿಯಲ್ಲಿ ಅಡ್ಡಹೆಸರು ಒಂದು ಕಡೆ, ಆಧಾರಿನಲ್ಲಿ ಇನ್ನೊಂದು ಕಡೆ, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಸೇರಿಯೂ ಇರಬಹುದು, ಬಿಟ್ಟೂ ಹೋಗಿರಬಹುದು. ಪಾಸ್‌ಪೋರ್ಟಿನ ಅಡ್ಡಹೆಸರಿನ ಮನೆ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂಬ ಮೂರಕ್ಷರ ಬಂದು ಕೂರುತ್ತವೆ. ಊರಿನ ಹೆಸರೂ ಅಷ್ಟೆ. ಇಳಕಲ್, ಹುನಗುಂದಗಳನ್ನು ರೋಮನ್ ಲಿಪಿಯಲ್ಲಿ ಎರಡು ಮೂರು ಬಗೆಯಾಗಿ ಬರೆಯುತ್ತಾರೆ. ಇಳಕಲ್ ಪ್ರತ್ಯೇಕ ತಾಲ್ಲೂಕಾಗಿದ್ದು ಈಚೆಗೆ, ಅಲ್ಲಿ ಹುಟ್ಟಿದವರ ಜನನ ಪತ್ರದಲ್ಲಿ ಹುನಗುಂದ ತಾಲ್ಲೂಕು ಎಂದೇ ಇರುತ್ತದೆ, ತಂದೆತಾಯಿಗಳ ದಾಖಲೆಯಲ್ಲಿ ವಿಜಾಪುರ ಜಿಲ್ಲೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೂ ಗಡಿಯ ಗಣಕಕ್ಕೆ ಒಂದಕ್ಷರದ ವ್ಯತ್ಯಾಸವೂ ಬೇರೆ ಮನುಷ್ಯನಂತೆ ಕಾಣಬಹುದು. ಮೊದಲ ಪಾಸ್‌ಪೋರ್ಟ್ ಮಾಡಿಸುವಾಗಲೇ ಎಲ್ಲ ದಾಖಲೆಗಳ ಹೆಸರು ಒಂದೇ ಆಗಿರುವಂತೆ ನೋಡಿಕೊಂಡರೆ ಮುಂದಿನ ಹತ್ತು ವರ್ಷದ ತಲೆನೋವು ತಪ್ಪುತ್ತದೆ.

ಹಣದ ಪುರಾವೆಯನ್ನೂ ಮತ್ತೆ ಕೇಳುತ್ತಾರೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷ ರೂಪಾಯಿ ಮೀರಿದ ಸಾಲಕ್ಕೆ ಆಸ್ತಿಯ ಅಡಮಾನ ಬೇಕು. ಎಷ್ಟೋ ಬ್ಯಾಂಕುಗಳು ಹೊಲವನ್ನು ಒಪ್ಪುವುದಿಲ್ಲ, ಊರೊಳಗಿನ ಮನೆ ಅಥವಾ ನಿವೇಶನ ಕೇಳುತ್ತವೆ. ಒಕ್ಕಲುತನದ ಮನೆಗಳಿಗೆ ಇದು ದೊಡ್ಡ ಅಡಚಣೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯೂ ಕೇಂದ್ರದ ವಿದೇಶ ವ್ಯಾಸಂಗ ವಿದ್ಯಾರ್ಥಿವೇತನಗಳೂ ಇವೆ. ಮರುಪ್ರವೇಶಕ್ಕೆ ಹೊಸ ವೀಸಾ ಮಾಡಿಸುವವರು ಸಾಲದ ಉಳಿದ ಕಂತಿನ ಪತ್ರ, ಶುಲ್ಕ ಕಟ್ಟಿದ ರಸೀದಿ, ಈವರೆಗಿನ ಅಂಕಪಟ್ಟಿಗಳನ್ನು ಜೊತೆಗೆ ಇಟ್ಟುಕೊಳ್ಳುವುದು ಒಳಿತು.

ಊರಿಗೆ ಬಂದುಹೋಗುವ ಕಾಲ

ಪಾಶ್ಚಾತ್ಯ ವಿಶ್ವವಿದ್ಯಾಲಯಗಳ ಚಳಿಗಾಲದ ರಜೆ ಡಿಸೆಂಬರ್ ನಡುವಿನಿಂದ ಜನವರಿವರೆಗೆ. ಬಾದಾಮಿ ಬನಶಂಕರಿಯ ಜಾತ್ರೆ ಪುಷ್ಯ ಮಾಸದ ಬನದ ಹುಣ್ಣಿಮೆಗೆ. ಎರಡೂ ಕೂಡಿಬಂದ ವರ್ಷ ತೇರಿಗೆ ಉತ್ತತ್ತಿ ಎಸೆದು, ರಾತ್ರಿ ನಾಟಕ ನೋಡಿ ಮರಳುವ ಭಾಗ್ಯ ಸಿಗುತ್ತದೆ. ಎಲ್ಲರೂ ಅದೇ ಸಮಯಕ್ಕೆ ಬರುವುದರಿಂದ ವಿಮಾನದ ದರವೂ ವೀಸಾ ಸ್ಲಾಟಿನ ಬೇಡಿಕೆಯೂ ಆಗಲೇ ಏರುತ್ತವೆ. ವೀಸಾ ಅವಧಿ ಉಳಿದಿರುವ ವರ್ಷವೇ ಊರಿನ ದೊಡ್ಡ ಭೇಟಿ ಇಟ್ಟುಕೊಂಡು, ಮುಗಿಯುವ ವರ್ಷ ಸ್ಟಾಂಪಿಂಗ್‌ಗೆ ಹೆಚ್ಚು ದಿನ ತೆಗೆದಿಟ್ಟು ಬರುವುದು ಅನುಭವಿಗಳ ಬುದ್ಧಿಮಾತು.

ಮರಳುವ ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಮೀನಗಡದ ಕರದಂಟು ಇರುತ್ತವೆ. ಇವುಗಳಿಗೂ ಗಡಿಯ ನಿಯಮವುಂಟು. ಬೀಜ, ಹಸಿ ಕಾಯಿಪಲ್ಲೆ, ಹಾಲಿನ ಪದಾರ್ಥಗಳ ಬಗ್ಗೆ ಆಸ್ಟ್ರೇಲಿಯಾ ಬಲು ಕಟ್ಟುನಿಟ್ಟು. ತಿನಿಸು ತಂದಿರುವುದನ್ನು ಘೋಷಿಸಿದವರಿಗೆ ಹೆಚ್ಚೆಂದರೆ ಆ ಪದಾರ್ಥ ಹೋಗುತ್ತದೆ, ಮುಚ್ಚಿಟ್ಟವರಿಗೆ ದಂಡ ಬೀಳುತ್ತದೆ, ವೀಸಾ ರದ್ದು ಮಾಡುವ ಅಧಿಕಾರವೂ ಕಾನೂನಿನಲ್ಲಿದೆ. ಅವ್ವ ಕಟ್ಟಿಕೊಟ್ಟ ಬುತ್ತಿಯನ್ನು ಅಧಿಕಾರಿಗೆ ತೋರಿಸಲು ನಾಚಬೇಕಾಗಿಲ್ಲ.

ಸಾವಿನ ಸುದ್ದಿ ಬಂದಾಗ ಎಲ್ಲಕ್ಕಿಂತ ಕಷ್ಟ. ಅಜ್ಜನೋ ಅಪ್ಪನೋ ತೀರಿಕೊಂಡರೆಂದು ತಿಳಿದ ಗಳಿಗೆಯಲ್ಲಿ ಐ-20 ಸಹಿ ಯಾವಾಗಿನದು, ವೀಸಾ ಯಾವಾಗ ಮುಗಿಯುತ್ತದೆ ಎಂದು ನೋಡುವ ಸ್ಥಿತಿ ಯಾರಿಗೂ ಇರುವುದಿಲ್ಲ. ಆದ್ದರಿಂದ ಹೊರಡುವ ಯೋಚನೆಯಿಲ್ಲದಿದ್ದರೂ ಪ್ರಯಾಣದ ಸಹಿಯನ್ನು ಚಾಲ್ತಿಯಲ್ಲಿ ಇಟ್ಟುಕೊಂಡಿರಬೇಕು, ಪಾಸ್‌ಪೋರ್ಟನ್ನು ಅವಧಿ ಮುಗಿಯುವ ಎಷ್ಟೋ ಮೊದಲೇ ನವೀಕರಿಸಿರಬೇಕು. ಹಳೆಯ ಪಾಸ್‌ಪೋರ್ಟಿನಲ್ಲಿ ಚಾಲ್ತಿ ವೀಸಾ ಇದ್ದರೆ ಎರಡನ್ನೂ ಒಯ್ಯಬೇಕು. ಮರಳುವ ದಿನ ಹತ್ತಿರವಾಗಿದ್ದರೆ ದೂತಾವಾಸಕ್ಕೆ ತುರ್ತು ಸಂದರ್ಶನ ಕೇಳುವ ಅವಕಾಶವಿದೆ. ಕೇಳಿದ್ದಕ್ಕೆಲ್ಲ ಸಿಗುವ ಭರವಸೆ ಮಾತ್ರ ಇಲ್ಲ.

ಜಿಲ್ಲೆಗೆ ಬರುವ ವಿದೇಶಿ ವಿದ್ಯಾರ್ಥಿಗಳು

ಈ ಸೀಮೆ ವಿದೇಶಿ ಅಧ್ಯಯನಕಾರರನ್ನೂ ಬರಮಾಡಿಕೊಂಡಿದೆ. ಬಾದಾಮಿ, ಐಹೊಳೆ ಮತ್ತು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲು ಚಾಳುಕ್ಯ ಶಿಲ್ಪದ ಅಭ್ಯಾಸಕ್ಕೆ ಬರುವವರನ್ನು ಸೆಳೆಯುತ್ತಲೇ ಇವೆ. ಭಾರತದಲ್ಲಿ ಓದುವವರಿಗೆ ವಿದ್ಯಾರ್ಥಿ ವೀಸಾ, ಸಂಶೋಧನೆಗೆ ಬರುವವರಿಗೆ ಸಂಶೋಧನಾ ವೀಸಾ. 180 ದಿನ ಮೀರಿ ಇರಲು ವಿದ್ಯಾರ್ಥಿ ವೀಸಾ ಪಡೆದವರು ಬಂದ 14 ದಿನಗಳೊಳಗೆ ನೋಂದಣಿ ಮಾಡಿಸಬೇಕು. ಬೆಂಗಳೂರಿನಲ್ಲಿ ಇದಕ್ಕೆ ಪ್ರತ್ಯೇಕ ವಲಸೆ ಕಚೇರಿಯಿದೆ, ಬಾಗಲಕೋಟೆಯಂಥ ಜಿಲ್ಲೆಗಳಲ್ಲಿ ಪೊಲೀಸ್ ವರಿಷ್ಠಾಧಿಕಾರಿಯೇ ವಿದೇಶೀಯರ ನೋಂದಣಿ ಅಧಿಕಾರಿ. ಈಗ ಬಹುಪಾಲು ಕೆಲಸ ಇ-ಎಫ್‌ಆರ್‌ಆರ್‌ಒ ಜಾಲತಾಣದಲ್ಲೇ ನಡೆಯುತ್ತದೆ. 1946ರ ವಿದೇಶೀಯರ ಕಾಯ್ದೆ ಸೇರಿ ನಾಲ್ಕು ಹಳೆಯ ಕಾಯ್ದೆಗಳ ಜಾಗಕ್ಕೆ ವಲಸೆ ಮತ್ತು ವಿದೇಶೀಯರ ಕಾಯ್ದೆ 2025 ಬಂದಿದೆ, ಅದು 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಹೊರದೇಶದಲ್ಲಿ ಹುಟ್ಟಿ ಅಲ್ಲಿನ ಪೌರರಾದ ಕನ್ನಡ ಮನೆತನದ ಮಕ್ಕಳು ಒಸಿಐ (ಭಾರತದ ಸಾಗರೋತ್ತರ ಪೌರ) ಕಾರ್ಡು ಹೊಂದಿದ್ದರೆ ಇಲ್ಲಿ ಓದಲು ಬೇರೆ ವಿದ್ಯಾರ್ಥಿ ವೀಸಾ ಬೇಕಿಲ್ಲ. ಅಜ್ಜಿಯ ಊರಿಗೆ ಬಂದುಹೋಗುವುದು ಅವರಿಗೆ ಸಲೀಸು.

ಹಕ್ಕು ಮತ್ತು ಅನುಮತಿ

ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 13ನೆಯ ವಿಧಿ, ಯಾವುದೇ ದೇಶವನ್ನು ಬಿಟ್ಟುಹೋಗುವ ಮತ್ತು ತನ್ನ ದೇಶಕ್ಕೆ ಮರಳುವ ಹಕ್ಕು ಎಲ್ಲರಿಗೂ ಇದೆಯೆನ್ನುತ್ತದೆ. ಭಾರತದ ಸರ್ವೋಚ್ಚ ನ್ಯಾಯಾಲಯ 1967ರ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ವಿದೇಶ ಪ್ರಯಾಣವನ್ನು ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ಎತ್ತಿಹಿಡಿಯಿತು. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ, ಅದನ್ನು ತಡೆಯುವ ಕ್ರಮ ನ್ಯಾಯಸಮ್ಮತವಾಗಿರಬೇಕೆಂದು ಹೇಳಿತು. ಬೇರೆ ದೇಶದೊಳಕ್ಕೆ ಹೋಗುವ ಹಕ್ಕನ್ನು ಮಾತ್ರ ಈ ಘೋಷಣೆಯೂ ಕೊಡದು, ನಮ್ಮ ನ್ಯಾಯಾಲಯವೂ ಕೊಡಲಾರದು.

ಹಾಗೆಂದು ಊರಿಗೆ ಬರುವುದನ್ನೇ ಬಿಡಬೇಕಾಗಿಲ್ಲ. ಕಾಲೇಜಿನ ಅಂತರರಾಷ್ಟ್ರೀಯ ಕಚೇರಿಯನ್ನು ಕೇಳಿ ಹೊರಡುವವರು, ಏಜೆಂಟರ ಮಾತಿಗಿಂತ ದೂತಾವಾಸದ ಅಧಿಕೃತ ಪುಟವನ್ನು ನಂಬುವವರು, ಹಾಜರಿ ಮತ್ತು ಕೆಲಸದ ಗಂಟೆಗಳ ಲೆಕ್ಕ ತಪ್ಪದವರು ಬಹುತೇಕ ತೊಂದರೆಯಿಲ್ಲದೆ ಬಂದುಹೋಗುತ್ತಿದ್ದಾರೆ. ಇದರಲ್ಲಿ ಜಿಲ್ಲೆಯ ಕಾಲೇಜುಗಳ ಪಾಲೂ ಇದೆ. ಹೊರದೇಶಕ್ಕೆ ಸೀಟು ಸಿಕ್ಕ ವಿದ್ಯಾರ್ಥಿಗೆ ಹೋಗುವ ದಾರಿಯ ಜೊತೆಗೆ ಬಂದುಹೋಗುವ ದಾರಿಯನ್ನೂ ತಿಳಿಸಿ ಕಳಿಸಿದರೆ, ಹುನಗುಂದದ ಅವ್ವನೊಬ್ಬಳು ಮಗಳ ಮುಖವನ್ನು ಐದು ವರ್ಷ ಮೊಬೈಲಿನಲ್ಲೇ ನೋಡುತ್ತ ಕೂರಬೇಕಾಗುವುದಿಲ್ಲ.